ಮಕ್ಕಳಲ್ಲಿ ನ್ಯಾಯಬುದ್ಧಿ ಬಲಿಯಬೇಕಾದರೆ: ಮನೆಗೂ ಶಾಲೆಗೂ ಒಂದು ಕೈಪಿಡಿ

ಅಂಗಳದಲ್ಲಿ ಒಣಗಿದ ಅಡಿಕೆ ಸುಲಿದು ರಾಶಿ ಹಾಕಿದೆ. ಅಪ್ಪ ಚಾಲಿ, ಪಟೋರ, ಕೀಳು ದರ್ಜೆಯ ಕರಿಗೋಟು ಎಂದು ಬೇರೆ ಮಾಡುತ್ತಿದ್ದಾರೆ. ಎಂಟು ವರ್ಷದ ಮಗಳು ಪಕ್ಕದಲ್ಲಿ ಕುಳಿತು ಕೈಜೋಡಿಸಿದ್ದಾಳೆ. ಗೋಣಿ ತುಂಬಿಸುವ ಹೊತ್ತಿಗೆ ಎರಡು ಹಿಡಿ ಕರಿಗೋಟು ಗೋಣಿಯ ಅಡಿ ಸೇರುತ್ತದೆ. ಯಾರೂ ಏನೂ ಹೇಳುವುದಿಲ್ಲ, ಮಗಳು ನೋಡಿರುತ್ತಾಳೆ. ಅದೇ ಸಂಜೆ ಅವಳು ತಮ್ಮನ ಪಾಲಿನ ಬಾಳೆಹಣ್ಣು ತಿಂದು ‘ನಾನಲ್ಲ’ ಅಂದರೆ, ಸುಳ್ಳು ಹೇಳಬಾರದು ಎಂದು ಅರ್ಧ ಗಂಟೆ ಉಪದೇಶ ನಡೆಯುತ್ತದೆ. ಆ ದಿನ ಅವಳ ಮನಸ್ಸಿನಲ್ಲಿ ಉಳಿಯುವ ಪಾಠ ಗೋಣಿಯದ್ದು.

ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಆದೂರಿನವರೆಗಿನ ಕನ್ನಡ ಮನೆಗಳ ತಂದೆತಾಯಿಯರಿಗೆ, ಕನ್ನಡ ಮಾಧ್ಯಮದ ಎಲ್‌.ಪಿ., ಯು.ಪಿ. (ಕಿರಿಯ, ಹಿರಿಯ ಪ್ರಾಥಮಿಕ) ಶಾಲೆಗಳ ಅಧ್ಯಾಪಕರಿಗೆ ಈ ಕೈಪಿಡಿ. ಮದ್ದಳೆ ಬಾರಿಸಿಯೇ ಮದ್ದಳೆಗಾರ ಆಗುವುದು. ನ್ಯಾಯದ ಕೆಲಸ ಮಾಡಿ ಮಾಡಿಯೇ ಮನುಷ್ಯ ನ್ಯಾಯವಂತನಾಗುತ್ತಾನೆ ಎಂದು ಗ್ರೀಸಿನ ಅರಿಸ್ಟಾಟಲ್ ಹೇಳಿ ಎರಡು ಸಾವಿರದ ಮುನ್ನೂರು ವರ್ಷ ದಾಟಿತು. ಕಳೆದ ನೂರು ವರ್ಷಗಳ ಮನಶ್ಶಾಸ್ತ್ರ ಅದಕ್ಕೆ ಇನ್ನೊಂದನ್ನು ಸೇರಿಸಿದೆ. ಬರೇ ಮಾಡಿಸಿದರೆ ಅದು ಕವಾಯತು. ಮಾಡುವಾಗ ಎದುರಿನವರ ಜಾಗದಲ್ಲಿ ನಿಂತು ‘ಯಾಕೆ’ ಎಂದು ಹೇಳಲು ಬರಬೇಕು. ಮುಂದೆ ಹೇಳುವ ಎಲ್ಲ ಕ್ರಮಗಳೂ ಈ ಎರಡನ್ನು ಒಟ್ಟಿಗೆ ಕಟ್ಟುವಂಥವು.

ಮೊದಲು ಕೇಳಿ, ಬರೆದಿಡಿ

ನೂರು ಪುಟದ ಒಂದು ನೋಟ್‌ಪುಸ್ತಕ ತೆಗೆದಿಡಿ. ಮೊದಲ ಎರಡು ವಾರ ತಿದ್ದುವ ಕೆಲಸ ಬೇಡ. ಮಗು ಕೊಡುವ ಕಾರಣಗಳನ್ನು ಅದರದೇ ಮಾತಿನಲ್ಲಿ, ದಿನಾಂಕ ಹಾಕಿ ಬರೆಯಿರಿ.

ಬಾಯಿ ಬಿಡಿಸಲು ಸ್ವಿಸ್ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ ಬಳಸಿದ ಜೋಡಿಕಥೆಯ ಉಪಾಯ ಇವತ್ತಿಗೂ ಚೆನ್ನಾಗಿದೆ. 1932ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಒಬ್ಬ ಹುಡುಗ ಗೊತ್ತಿಲ್ಲದೆ ಬಾಗಿಲು ತಳ್ಳಿ, ಅದರ ಹಿಂದಿದ್ದ 15 ಕಪ್ಪುಗಳನ್ನು ಒಡೆಯುತ್ತಾನೆ. ಇನ್ನೊಬ್ಬ ಅಮ್ಮ ಇಲ್ಲದಾಗ ಜಾಮ್ ಕದಿಯಲು ಹೋಗಿ ಒಂದು ಕಪ್ಪು ಒಡೆಯುತ್ತಾನೆ. ತಪ್ಪು ಯಾರದ್ದು ಹೆಚ್ಚು? ನಮ್ಮ ಮಕ್ಕಳಿಗೆ ಇದನ್ನು ಹೀಗೆ ಕೇಳಬಹುದು: ಒಬ್ಬಳು ಅಜ್ಜಿಗೆ ಸಹಾಯ ಮಾಡಲು ಅಂಗಡಿಯಿಂದ ಹತ್ತು ಮೊಟ್ಟೆ ತರುವಾಗ ಪಾಚಿ ಕಟ್ಟಿದ ಮೆಟ್ಟಿಲಲ್ಲಿ ಜಾರಿದಳು, ಹತ್ತೂ ಒಡೆಯಿತು. ಇನ್ನೊಬ್ಬಳು ಬೇಡ ಅಂದರೂ ಭರಣಿಯಿಂದ ಮಿಡಿ ಉಪ್ಪಿನಕಾಯಿ ತೆಗೆಯಲು ಹೋದಳು, ಮುಚ್ಚಳ ಮಾತ್ರ ಬಿದ್ದು ಚೂರಾಯಿತು. ಏಳು ವರ್ಷದೊಳಗಿನ ಅನೇಕ ಮಕ್ಕಳು ‘ಹತ್ತು ಮೊಟ್ಟೆ’ ಎನ್ನುತ್ತಾರೆ. ಒಂಬತ್ತು ಹತ್ತರ ಹೊತ್ತಿಗೆ ಉದ್ದೇಶ ಲೆಕ್ಕಕ್ಕೆ ಬರುತ್ತದೆ. ಆದರೆ ‘ಅವಳು ಸಹಾಯಕ್ಕೆ ಹೋದವಳು’ ಎಂಬುದನ್ನು ಒತ್ತಿ ಹೇಳಿ ಕೇಳಿದರೆ ಸಣ್ಣವರೂ ಉದ್ದೇಶವನ್ನು ಗಮನಿಸುತ್ತಾರೆ ಎಂದು ಆಮೇಲಿನ ಅಧ್ಯಯನಗಳು ತೋರಿಸಿದವು. ಹಾಗಾಗಿ ಕಥೆಯನ್ನು ಎರಡು ಸಲ ಹೇಳಿ. ಮೊದಲ ಸಲ ಸುಮ್ಮನೆ, ಎರಡನೇ ಸಲ ಉದ್ದೇಶವನ್ನು ಬಿಡಿಸಿ. ಎರಡು ಉತ್ತರಗಳ ನಡುವಿನ ಅಂತರವೇ ನಿಮಗೆ ಕೆಲಸ ಮಾಡಲು ಸಿಗುವ ಜಾಗ.

‘ಗೆಳೆಯನ ಪೆನ್ಸಿಲು ಸಿಕ್ಕಿದರೆ ಯಾಕೆ ಹಿಂದೆ ಕೊಡಬೇಕು?’ ಎಂಬ ಒಂದೇ ಪ್ರಶ್ನೆಗೆ ಬರುವ ಉತ್ತರಗಳಲ್ಲಿ ಮಗುವಿನ ಯೋಚನೆ ಎಲ್ಲಿದೆ ಎಂದು ಕಾಣುತ್ತದೆ. ‘ಟೀಚರ್ ಬೈತಾರೆ’ ಅನ್ನುವುದು ಒಂದು. ‘ನನ್ನದು ಕಳೆದರೆ ಅವನೂ ಕೊಡ್ತಾನೆ’ ಎಂಬುದು ಅದಕ್ಕಿಂತ ಮುಂದಿನದು. ‘ಅವನಿಗೆ ಬೇಜಾರಾಗ್ತದೆ, ಒಳ್ಳೆಯವರು ಹಾಗೆ ಮಾಡುವುದಿಲ್ಲ’ ಎಂಬುದು ಇನ್ನೂ ಮುಂದೆ. ‘ಸಿಕ್ಕಿದ್ದನ್ನೆಲ್ಲ ಎಲ್ಲರೂ ಇಟ್ಟುಕೊಂಡರೆ ಕ್ಲಾಸಿನಲ್ಲಿ ಯಾರ ವಸ್ತುವೂ ಉಳಿಯುವುದಿಲ್ಲ’ ಎಂಬುದು ಅದರಾಚೆ. ಅಮೆರಿಕದ ಲಾರೆನ್ಸ್ ಕೋಲ್‌ಬರ್ಗ್ 1958ರ ತಮ್ಮ ಸಂಶೋಧನೆಯಿಂದ ಆರಂಭಿಸಿ ಇಂಥ ಆರು ಹಂತಗಳನ್ನು ಗುರುತಿಸಿದರು. ಅವರ ಶಿಷ್ಯ ಮೋಶೆ ಬ್ಲಾಟ್ ತರಗತಿಯ ಚರ್ಚೆಗಳಲ್ಲಿ ಕಂಡುಕೊಂಡ ಸಂಗತಿ ಕೈಕೆಲಸಕ್ಕೆ ಹೆಚ್ಚು ಉಪಯೋಗದ್ದು. ಮಗು ಈಗ ನಿಂತಿರುವ ಮೆಟ್ಟಿಲಿಗಿಂತ ಒಂದೇ ಮೆಟ್ಟಿಲು ಮೇಲಿನ ಕಾರಣ ಕಿವಿಗೆ ಬಿದ್ದರೆ ಅದು ಮನಸ್ಸಿಗೆ ಹತ್ತುತ್ತದೆ. ‘ಟೀಚರ್ ಬೈತಾರೆ’ ಅನ್ನುವ ಮಗುವಿಗೆ ಸಮಾಜ, ಸಂವಿಧಾನ ಎಂದು ಹೇಳಿ ಪ್ರಯೋಜನವಿಲ್ಲ. ‘ನಿನ್ನದು ಕಳೆದಿದ್ದರೆ?’ ಎಂದು ಕೇಳಿ.

ಹಂತದ ಸಂಖ್ಯೆಯನ್ನು ಮಗುವಿಗೆ ಅಂಟಿಸುವುದು ದೊಡ್ಡ ತಪ್ಪು. ಒಂದೇ ಮಗು ತಮ್ಮನ ವಿಷಯದಲ್ಲಿ ಕೆಳಗೂ ಗೆಳತಿಯ ವಿಷಯದಲ್ಲಿ ಮೇಲೂ ಇರಬಹುದು. ಕೋಲ್‌ಬರ್ಗ್ ಮೊದಲು ಮಾತಾಡಿಸಿದ್ದು ಬರೇ ಹುಡುಗರನ್ನು. ಕಾಳಜಿ, ಸಂಬಂಧ ಉಳಿಸಿಕೊಳ್ಳುವ ಚಿಂತೆ ಆ ಅಳತೆಗೋಲಿನಲ್ಲಿ ಕೆಳಗೆ ಬೀಳುತ್ತದೆ ಎಂದು ಕ್ಯಾರೊಲ್ ಗಿಲ್ಲಿಗನ್ 1982ರಲ್ಲಿ ಎತ್ತಿದ ಆಕ್ಷೇಪಕ್ಕೆ ತೂಕವಿದೆ. ‘ಅವಳು ಅಳುತ್ತಾಳೆ’ ಎಂಬ ಉತ್ತರವನ್ನು ಕೆಳಗಿನದೆಂದು ಬದಿಗೆ ಸರಿಸಬೇಡಿ.

ಇನ್ನೊಂದು, ನಮ್ಮ ಜಿಲ್ಲೆಯಲ್ಲಿ ಮರೆಯಲೇಬಾರದ್ದು: ಮನೆಯಲ್ಲಿ ತುಳು, ಮಲೆಯಾಳ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಕನ್ನಡ ಆಡುವ ಮಗುವಿಗೆ ಪುಸ್ತಕದ ಕನ್ನಡದಲ್ಲಿ ಕಾರಣ ಹೇಳು ಅಂದರೆ ಅದು ಸಣ್ಣ ಉತ್ತರ ಕೊಟ್ಟು ಸುಮ್ಮನಾಗುತ್ತದೆ. ಯೋಚನೆ ಬಡವಾದ್ದರಿಂದಲ್ಲ, ಮಾತು ಸಿಗದ್ದರಿಂದ. ಮನೆಮಾತಿನಲ್ಲೇ ಹೇಳಲು ಬಿಡಿ, ಪಕ್ಕದ ಮಗು ಕನ್ನಡಕ್ಕೆ ತರಲಿ.

ನಿಯಮ ಬೇರೆ, ನೋವು ಬೇರೆ

ಚಪ್ಪಲಿ ಹಾಕಿ ಚಾವಡಿಗೆ ಬಂದದ್ದಕ್ಕೂ ಗೆಳೆಯನನ್ನು ಮೆಟ್ಟಿಲಿನಿಂದ ತಳ್ಳಿದ್ದಕ್ಕೂ ಒಂದೇ ದನಿಯಲ್ಲಿ ಬೈದರೆ, ಮಗುವಿಗೆ ಎರಡೂ ‘ದೊಡ್ಡವರಿಗೆ ಸಿಟ್ಟು ಬರುವ ವಿಷಯ’ ಎಂಬ ಒಂದೇ ಗೂಡಿಗೆ ಹೋಗುತ್ತವೆ. ಎಲಿಯಟ್ ಟ್ಯೂರಿಯಲ್ ಮತ್ತು ಜೊತೆಗಾರರು ತೋರಿಸಿದಂತೆ ಮೂರು ನಾಲ್ಕು ವರ್ಷದ ಮಕ್ಕಳೂ ಇವನ್ನು ಬೇರೆ ಮಾಡಬಲ್ಲರು. ಅದಕ್ಕೆ ಒಂದು ಪ್ರಶ್ನೆ ಸಾಕು: ‘ಟೀಚರೇ ಪರವಾಗಿಲ್ಲ ಅಂದರೆ ಮಾಡಬಹುದಾ?’ ಯೂನಿಫಾರ್ಮ್ ಬಿಟ್ಟು ಬರುವುದಾದರೆ ‘ಹೌದು’. ಹೊಡೆಯುವುದಾದರೆ ‘ಇಲ್ಲ, ಆಗಲೂ ನೋವಾಗ್ತದೆ’.

ಒಂದೇ ಬೆಂಚಿನಲ್ಲಿ ಕೂತ ಮೂವರ ಮನೆಯ ಊಟ, ಹಬ್ಬ, ಉಡುಗೆ, ಮಾತು ಮೂರು ಥರ ಇರುವ ನಾಡಿದು. ‘ಅವರ ಮನೆಯಲ್ಲಿ ಹಾಗೆ, ನಮ್ಮಲ್ಲಿ ಹೀಗೆ. ಹೊಡೆತ ಮಾತ್ರ ಎಲ್ಲರ ಮನೆಯಲ್ಲೂ ನೋಯುತ್ತದೆ’ ಎಂದು ಮಗುವಿಗೆ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಊರು ಸಿಗಲಿಕ್ಕಿಲ್ಲ. ಆದರೂ ಗೆರೆ ಎಲ್ಲ ಕಡೆ ಅಷ್ಟು ನೇರವಲ್ಲ. ರಿಚರ್ಡ್ ಶ್ವೇಡರ್ ಮತ್ತು ಜೊತೆಗಾರರು 1987ರಲ್ಲಿ ಪ್ರಕಟಿಸಿದ ಭುವನೇಶ್ವರದ ಅಧ್ಯಯನದಲ್ಲಿ, ತಂದೆ ತೀರಿದ ಮರುದಿನ ಹಿರಿಯ ಮಗ ಕ್ಷೌರ ಮಾಡಿಸಿಕೊಂಡು ಕೋಳಿ ತಿನ್ನುವುದನ್ನು ಅಲ್ಲಿನ ಬ್ರಾಹ್ಮಣ ಕುಟುಂಬದವರು ತೀರಾ ಗಂಭೀರ ತಪ್ಪುಗಳ ಸಾಲಿಗೆ ಸೇರಿಸಿದರು. ಅವರಿಗೆ ಅದು ಸತ್ತ ತಂದೆಗೆ ಮಾಡಿದ ಕೇಡು. ಹಾಗಾಗಿ ಮಗು ‘ಇದು ಬರೇ ನಿಯಮ ಅಲ್ಲ’ ಎಂದು ಹಟ ಹಿಡಿದರೆ, ಯಾರಿಗೆ ನೋವಾಗುತ್ತದೆ ಎಂದು ಅದು ನಂಬಿದೆ ಎಂದು ಕೇಳಿ ತಿಳಿಯಿರಿ. ಗೇಲಿ ಮಾಡಬೇಡಿ.

ತಪ್ಪು ನಡೆದ ಮೇಲಿನ ಐದು ನಿಮಿಷ

ಇಡೀ ವರ್ಷದ ನೀತಿಪಾಠಕ್ಕಿಂತ ಇದು ಮುಖ್ಯ. ಒಂದು ಪ್ರಸಂಗ ಇಟ್ಟುಕೊಳ್ಳೋಣ. ಜುಲೈ ತಿಂಗಳ ಮಳೆ. ನಾಲ್ಕನೇ ಕ್ಲಾಸಿನ ಹುಡುಗ ತಮಾಷೆಗೆಂದು ಒಬ್ಬಳ ಕೊಡೆಯನ್ನು ತೋಡಿಗೆ ಎಸೆದ. ಕೊಡೆಯ ಎರಡು ಕಡ್ಡಿ ಮುರಿಯಿತು.

ಮೊದಲು ಅವಳ ಹತ್ತಿರ ಹೋಗಿ, ಅವನ ಹತ್ತಿರ ಅಲ್ಲ. ತಲೆ ಒರೆಸಿ, ಪುಸ್ತಕ ಒದ್ದೆಯಾಗಿದೆಯೋ ನೋಡಿ. ನೊಂದವರಿಗೆ ಮೊದಲ ಗಮನ ಎಂಬುದನ್ನು ಎಲ್ಲ ಮಕ್ಕಳೂ ಅಲ್ಲೇ ನೋಡಿ ಕಲಿಯುತ್ತಾರೆ. ಹುಡುಗನ ಜೊತೆ ಮಾತು ಹತ್ತು ಹದಿನೈದು ನಿಮಿಷ ಬಿಟ್ಟು, ಎಲ್ಲರ ಎದುರಿನಿಂದ ಆಚೆ. ನಿಮ್ಮ ದನಿ ಏರಿದ್ದರೆ ಇನ್ನೂ ಸ್ವಲ್ಪ ಕಾಯಿರಿ. ಹೆದರಿದ ಮಗುವಿನ ತಲೆಯಲ್ಲಿ ತಪ್ಪಿಸಿಕೊಳ್ಳುವ ಯೋಚನೆ ಬಿಟ್ಟು ಬೇರೇನೂ ಓಡುವುದಿಲ್ಲ.

‘ಯಾಕೆ ಮಾಡಿದೆ?’ ಎಂದು ಕೇಳಬೇಡಿ. ಅದಕ್ಕೆ ಸಿಗುವುದು ನೆಪ: ‘ಅವಳೇ ಮೊದಲು…’ ‘ಏನಾಯಿತು?’ ಎಂದು ಕೇಳಿ, ಪೂರ್ತಿ ಹೇಳಲು ಬಿಡಿ. ಆಮೇಲೆ ಅವನ ಕೆಲಸವನ್ನೂ ಅವಳ ಸ್ಥಿತಿಯನ್ನೂ ಕೂಡಿಸಿ ಎರಡು ಮೂರು ವಾಕ್ಯ: ‘ಕೊಡೆ ಮುರಿದದ್ದರಿಂದ ಅವಳು ಇವತ್ತು ಬಸ್‌ಸ್ಟಾಪಿನವರೆಗೆ ನೆನೆದುಕೊಂಡು ಹೋಗಬೇಕು. ಮನೆಯಲ್ಲಿ ಕೊಡೆ ಎಲ್ಲಿ ಎಂದು ಕೇಳಿದರೆ ಅವಳು ಏನು ಹೇಳುವುದು? ಅವಳ ಮುಖ ಈಗ ಹೇಗಿದೆ, ನೋಡಿದೆಯಾ ಮಗಾ?’ ಮಾರ್ಟಿನ್ ಹಾಫ್‌ಮನ್ ದಶಕಗಳ ಕಾಲ ಅಧ್ಯಯನ ಮಾಡಿ ಎತ್ತಿ ಹೇಳಿದ ಕ್ರಮ ಇದುವೇ. ಹೊಡೆದು ಬಡಿದು ಮಾಡುವ ಶಿಸ್ತಿಗಿಂತ, ‘ನಿನ್ನ ಹತ್ತಿರ ಮಾತಾಡುವುದಿಲ್ಲ ಹೋಗು’ ಎಂದು ಪ್ರೀತಿ ಹಿಂತೆಗೆಯುವುದಕ್ಕಿಂತ, ನೊಂದವರ ನೋವನ್ನು ಕಣ್ಣೆದುರು ಇಡುವುದರಿಂದ ಮಗುವಿನೊಳಗೆ ತನ್ನದೇ ಆದ ಅಳುಕು ಹುಟ್ಟುತ್ತದೆ. ಯಾರೂ ನೋಡದಾಗಲೂ ಕೆಲಸ ಮಾಡುವುದು ಆ ಅಳುಕು. ಆರು ವರ್ಷದ ಮಗುವಿಗೆ ಮೂರು ವಾಕ್ಯ ಮೀರಬೇಡಿ. ಹತ್ತು ವರ್ಷದವರಿಗೆ ಐದು ನಿಮಿಷ ಸಾಕು. ಹೆಚ್ಚಾದರೆ ಕಿವಿ ಮುಚ್ಚಿಕೊಳ್ಳುತ್ತದೆ.

ಇಲ್ಲಿ ಒಂದು ಪದ ಅತ್ತಿತ್ತ ಆದರೆ ಕೆಲಸ ಕೆಡುತ್ತದೆ. ‘ನೀನು ಕೆಟ್ಟ ಹುಡುಗ’ ಎಂಬ ಮಾತು ಇಡೀ ಮಗುವಿನ ಮೇಲೆ ಬೀಳುತ್ತದೆ. ‘ನೀನು ಮಾಡಿದ್ದು ಅವಳಿಗೆ ಕೆಟ್ಟದಾಯಿತು’ ಎಂಬುದು ಕೆಲಸದ ಮೇಲೆ ಬೀಳುತ್ತದೆ. ಜೂನ್ ಟ್ಯಾಂಗ್ನಿ ಮೊದಲಾದವರ ಅಧ್ಯಯನಗಳಲ್ಲಿ ಮೊದಲನೆಯದು ಹುಟ್ಟಿಸುವ ನಾಚಿಕೆ ಮನುಷ್ಯನನ್ನು ಅಡಗಲು, ಇಲ್ಲವೇ ತಿರುಗಿ ಸಿಟ್ಟಾಗಲು ದೂಡುತ್ತದೆ. ಎರಡನೆಯದು ಹುಟ್ಟಿಸುವ ತಪ್ಪಿನ ಅರಿವು ಸರಿಪಡಿಸಲು ದೂಡುತ್ತದೆ. ‘ಕಳ್ಳ’ ಎಂದು ಒಂದು ಸಲ ಕ್ಲಾಸಿನ ಎದುರು ಕರೆಸಿಕೊಂಡ ಮಗು ಆ ಹೆಸರಿಗೆ ತಕ್ಕ ಹಾಗೆಯೇ ಬೆಳೆಯುವ ಅಪಾಯವಿದೆ. ದಯವಿಟ್ಟು ಈ ಒಂದು ಮಾತನ್ನು ನಾಲಗೆಯಿಂದಲೇ ಅಳಿಸಿಬಿಡಿ.

ಕೊನೆಗೆ ‘ಈಗ ಏನು ಮಾಡಬಹುದು?’ ಎಂದು ಅವನನ್ನೇ ಕೇಳಿ. ‘ಸಾರಿ’ ಹೇಳಿಸಿ ಮುಗಿಸುವುದು ಅಗ್ಗದ ದಾರಿ, ಒಂದು ವಾರದಲ್ಲಿ ಮಕ್ಕಳಿಗೆ ಅದರ ಉಪಾಯ ತಿಳಿಯುತ್ತದೆ. ಕಡ್ಡಿ ಸರಿಮಾಡಿಸಿ ತರುವುದು, ಅಲ್ಲಿಯವರೆಗೆ ಮೂರು ದಿನ ತನ್ನ ಕೊಡೆಯಲ್ಲಿ ಅವಳನ್ನು ಬಸ್‌ಸ್ಟಾಪಿಗೆ ಬಿಡುವುದು, ಇಂಥ ಕೈಕಾಲು ಇರುವ ಪರಿಹಾರ ಬೇಕು. ಅವಳು ಒಪ್ಪಬೇಕು. ಅವನ ಜೊತೆ ನಡೆಯಲು ಅವಳಿಗೆ ಇಷ್ಟವಿಲ್ಲದಿದ್ದರೆ ಅವನು ತನ್ನ ಕೊಡೆಯನ್ನೇ ಕೊಟ್ಟು ಬೇರೆಯವರ ಜೊತೆ ಹೋಗಲಿ. ಕೆಲಸ ಮುಗಿದ ಮೇಲೆ ಆ ವಿಷಯ ಮುಗಿಯಿತು. ಮುಂದಿನ ತಿಂಗಳು ಬೇರೆ ತಪ್ಪಿಗೆ ‘ಆವತ್ತು ಕೊಡೆ ಎಸೆದವನಲ್ಲವಾ ನೀನು’ ಎಂದು ತೆಗೆದರೆ, ಸರಿಪಡಿಸಿ ಏನೂ ಪ್ರಯೋಜನವಿಲ್ಲ ಎಂಬುದನ್ನು ನೀವೇ ಕಲಿಸಿದ ಹಾಗಾಯಿತು.

ಬೆತ್ತ, ನಕ್ಷತ್ರ, ಕಥೆ

ಶಾಲೆಯಲ್ಲಿ ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ಅಷ್ಟೇ ಅಲ್ಲ, ಹೊಡೆತದಿಂದ ಸತ್ಯ ಬರುವುದೂ ಇಲ್ಲ. ವಿಕ್ಟೋರಿಯಾ ತಲ್ವಾರ್ ಮತ್ತು ಕಾಂಗ್ ಲೀ 2011ರಲ್ಲಿ ಪಶ್ಚಿಮ ಆಫ್ರಿಕದ ಎರಡು ಶಾಲೆಗಳ ಮೂರು ನಾಲ್ಕು ವರ್ಷದ ಮಕ್ಕಳನ್ನು ಹೋಲಿಸಿದರು. ಒಂದರಲ್ಲಿ ಸಣ್ಣ ತಪ್ಪಿಗೂ ಪೆಟ್ಟು, ಇನ್ನೊಂದರಲ್ಲಿ ಇಲ್ಲ. ನೋಡಬೇಡ ಎಂದ ಆಟಿಕೆಯನ್ನು ಎರಡೂ ಕಡೆಯ ಮಕ್ಕಳು ಇಣುಕಿ ನೋಡಿದರು. ಆದರೆ ಪೆಟ್ಟಿನ ಶಾಲೆಯ ಮಕ್ಕಳು ಹೆಚ್ಚು ಸುಳ್ಳು ಹೇಳಿದರು, ಸುಳ್ಳನ್ನು ಸಿಕ್ಕಿಬೀಳದಂತೆ ನಿಭಾಯಿಸಿದರು ಕೂಡ.

ಬಹುಮಾನಕ್ಕೂ ಕೈ ಬಿಗಿ ಇರಲಿ. ಹದಿನೆಂಟು ತಿಂಗಳ ಕೂಸೂ ಅಪರಿಚಿತರ ಕೈಯಿಂದ ಬಿದ್ದ ಬಟ್ಟೆ ಕ್ಲಿಪ್ಪನ್ನು ಎತ್ತಿಕೊಡುತ್ತದೆ ಎಂದು ಫೆಲಿಕ್ಸ್ ವಾರ್ನೆಕೆನ್, ಮೈಕಲ್ ಟೊಮಾಸೆಲ್ಲೊ 2006ರಲ್ಲಿ ತೋರಿಸಿದರು. ಅವರದೇ 2008ರ ಪ್ರಯೋಗದಲ್ಲಿ, ಸಹಾಯಕ್ಕೆ ಪ್ರತಿಸಲ ಆಟಿಕೆ ಪಡೆದ ಇಪ್ಪತ್ತು ತಿಂಗಳ ಮಕ್ಕಳು ಆಮೇಲೆ, ಏನೂ ಪಡೆಯದ ಮಕ್ಕಳಿಗಿಂತ ಕಡಿಮೆ ಸಹಾಯ ಮಾಡಿದರು. ಬಾವಿಕಟ್ಟೆಯಿಂದ ಸಣ್ಣ ಕೊಡಪಾನ ಹೊತ್ತು ತಂದ ಮಗುವಿಗೆ ಚಾಕಲೇಟು ಬೇಡ. ‘ಅಜ್ಜಿಗೆ ಇವತ್ತು ಸೊಂಟ ನೋವು, ನೀನು ತಂದದ್ದರಿಂದ ಅವರಿಗೆ ಬಗ್ಗುವ ಕೆಲಸ ತಪ್ಪಿತು’ ಎಂದು ಹೇಳಿ.

ಕಥೆ ಹೇಳಬೇಕು, ಆರಿಸಿ ಹೇಳಬೇಕು. ಕಾಂಗ್ ಲೀ ಮತ್ತು ಜೊತೆಗಾರರು 2014ರಲ್ಲಿ ಮೂರರಿಂದ ಏಳು ವರ್ಷದ ಮಕ್ಕಳಿಗೆ ಬೇರೆ ಬೇರೆ ಕಥೆ ಓದಿ, ಆಮೇಲೆ ಅವರು ಸತ್ಯ ಹೇಳುತ್ತಾರೋ ನೋಡಿದರು. ಸುಳ್ಳಿಗೆ ಶಿಕ್ಷೆ ಸಿಗುವ ‘ತೋಳ ಬಂತು ತೋಳ’ದಂಥ ಕಥೆಯಿಂದ ಏನೂ ಬದಲಾಗಲಿಲ್ಲ. ಮರ ಕಡಿದದ್ದನ್ನು ಒಪ್ಪಿಕೊಂಡು ತಂದೆಯಿಂದ ಮೆಚ್ಚುಗೆ ಪಡೆದ ಹುಡುಗನ ಕಥೆ ಕೇಳಿದವರಲ್ಲಿ ಸತ್ಯ ಹೆಚ್ಚಿತು. ನಮ್ಮ ಪುಣ್ಯಕೋಟಿ ಈ ಎರಡನೆಯ ಜಾತಿಯ ಕಥೆ. ಆದರೆ ‘ಇದರಿಂದ ಕಲಿತ ನೀತಿ ಏನು?’ ಎಂದು ಕೊನೆಗೆ ಕೇಳಿದರೆ ಮಕ್ಕಳು ದೊಡ್ಡವರಿಗೆ ಬೇಕಾದ ಉತ್ತರ ಒಪ್ಪಿಸಿ ಎದ್ದು ಹೋಗುತ್ತಾರೆ. ‘ಹಿಂದೆ ಹೋಗುವ ದಾರಿಯಲ್ಲಿ ಹಸು ಏನು ಯೋಚಿಸಿರಬಹುದು? ಕರು ಏನು ಹೇಳಿರಬಹುದು?’ ಎಂದು ಕೇಳಿ ನೋಡಿ.

ವಾಲಿಯ ಅರ್ಥ, ರಾಮನ ಅರ್ಥ

ಎದುರಿನವರ ಜಾಗದಲ್ಲಿ ನಿಂತು ವಾದಿಸುವ ತರಬೇತಿಗೆ ಹೊರಗಿನಿಂದ ಏನನ್ನೂ ತರಬೇಕಾಗಿಲ್ಲ. ವೇಷವಿಲ್ಲದೆ ಕೂತು ಪಾತ್ರದ ಮಾತು, ಅಂದರೆ ‘ಅರ್ಥ’, ಹೇಳಿ ವಾದಿಸುವ ತಾಳಮದ್ದಳೆ ನಮ್ಮಲ್ಲೇ ಇದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳು ಹುಟ್ಟಿದ ನೆಲ ಇದು. ಎದುರು ಪಾತ್ರದ ಮಾತನ್ನು ಪೂರ್ತಿ ಕೇಳಿಯೇ ಉತ್ತರ ಕೊಡಬೇಕಾದ ಆ ಶಿಸ್ತನ್ನು ಐದನೇ ಕ್ಲಾಸಿನಿಂದ ಮೇಲಿನ ಮಕ್ಕಳಿಗೆ ನಲವತ್ತು ನಿಮಿಷದ ಒಂದು ಪೀರಿಯಡ್‌ಗೆ ಹೀಗೆ ಇಳಿಸಬಹುದು.

ಮೊದಲ ಐದು ನಿಮಿಷ ವಾಲಿವಧೆಯ ಸಂದರ್ಭ ಹೇಳಿ, ತೀರ್ಪು ಹೇಳಬೇಡಿ. ಮಕ್ಕಳನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿ. ಮೂರು ನಿಮಿಷ ಒಬ್ಬ ವಾಲಿ: ನಿನಗೂ ನನಗೂ ಜಗಳವೇ ಇರಲಿಲ್ಲ, ನಾನು ಬೇರೊಬ್ಬನ ಜೊತೆ ಹೋರಾಡುತ್ತಿದ್ದೆ, ನೀನು ಮರೆಯಲ್ಲಿ ನಿಂತು ಬಾಣ ಬಿಟ್ಟೆ. ಉತ್ತರಿಸುವ ಮೊದಲು ರಾಮನಾದವನು ವಾಲಿಯ ಮಾತನ್ನು ‘ನೀನು ಹೇಳುವುದು ಇದು ತಾನೇ’ ಎಂದು ಮರಳಿ ಹೇಳಬೇಕು. ವಾಲಿ ‘ಹೌದು’ ಎಂದ ಮೇಲೆಯೇ ತನ್ನ ಮೂರು ನಿಮಿಷ: ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಧರ್ಮ, ಅದನ್ನು ದಂಡಿಸುವುದು ಅರಸನ ಕೆಲಸ, ಸುಗ್ರೀವನಿಗೆ ಮಾತು ಕೊಟ್ಟಿದ್ದೆ. ಆಮೇಲೆ ಪಾತ್ರ ಬದಲಿಸಿ ಮತ್ತೊಂದು ಸುತ್ತು. ಸುಮಾರು ಇಪ್ಪತ್ತು ನಿಮಿಷ ಆಗುತ್ತದೆ. ಉಳಿದ ಹೊತ್ತು ಎಲ್ಲರೂ ಸೇರಿ ಮಾತಾಡುವುದಕ್ಕೆ: ಇಲ್ಲಿ ತಾರೆ ಇದ್ದರೆ ಏನು ಹೇಳುತ್ತಿದ್ದಳು? ಅಂಗದ? ಎದುರಿನವರ ಯಾವ ಮಾತಿಗೆ ನಿಮಗೆ ಉತ್ತರ ಸಿಗಲಿಲ್ಲ?

ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ನೋಟ್‌ಪುಸ್ತಕದಲ್ಲಿ ಬರೆದಿಡಿ. ‘ಮರೆಯಲ್ಲಿ ನಿಂತದ್ದಕ್ಕೆ ರಾಮನಾಗಿ ನನಗೆ ಸರಿಯಾದ ಉತ್ತರ ಸಿಗಲಿಲ್ಲ ಟೀಚರ್’ ಎಂದು ಒಂದು ಮಗು ಹೇಳಿದರೆ ಆ ಪೀರಿಯಡ್ ಸಾರ್ಥಕ. ಕೆಡುವುದು ಎರಡು ಕಡೆ. ಗೆದ್ದವರಾರು ಎಂದು ಕೇಳಿದರೆ ಅದು ಬಾಯಿಬಲದ ಸ್ಪರ್ಧೆಯಾಗುತ್ತದೆ, ಕೇಳಲೇಬೇಡಿ. ಮತ್ತೆ, ಅಧ್ಯಾಪಕರು ಕೊನೆಗೆ ‘ಸರಿ ಉತ್ತರ’ ಹೇಳಿದರೆ ಮುಂದಿನ ಸಲ ಮಕ್ಕಳು ಯೋಚಿಸದೆ ಅದಕ್ಕೇ ಕಾಯುತ್ತಾರೆ.

ಪುರಾಣ ಎಲ್ಲ ಮಕ್ಕಳ ಮನೆಯದ್ದಲ್ಲ. ಅದಕ್ಕೆ ಊರಿನದೇ ಪ್ರಶ್ನೆ ತನ್ನಿ. ಬಾಯಾರು, ಪೈವಳಿಕೆ, ಎಣ್ಮಕಜೆ ಕಡೆ ಮುರಕಲ್ಲಿನ ಗುಡ್ಡ ಕೊರೆದು ಮಾಡಿದ ಸುರಂಗದ ನೀರು ಗೊತ್ತಿಲ್ಲದ ಮಗು ಇಲ್ಲ. ಲೆಕ್ಕ ಹೀಗಿರಲಿ: ಏಪ್ರಿಲ್ ತಿಂಗಳಲ್ಲಿ ಒಂದು ಮನೆಯ ಸುರಂಗದಿಂದ ದಿನಕ್ಕೆ 1,000 ಲೀಟರ್ ಬರುತ್ತದೆ. ಮನೆಗೆ 300, ಉಳಿದದ್ದು ಎಳೆ ಅಡಿಕೆ ಸಸಿಗಳಿಗೆ, ಅದೂ ಸಾಲದು. ಕೆಳಗಿನ ಮನೆಯ ಬಾವಿ ಬತ್ತಿದೆ, ಅವರಿಗೆ ಕುಡಿಯಲು, ಅಡುಗೆಗೆ 200 ಬೇಕು. ಕೊಡಬೇಕೋ? ಎಷ್ಟು? ಉತ್ತರ ಬಂದ ಮೇಲೆ ಒಂದೊಂದೇ ತಿರುವು ಹಾಕಿ: ಆ ಮನೆಯವರು ಹೋದ ವರ್ಷ ದಾರಿ ಬಿಟ್ಟುಕೊಟ್ಟಿರಲಿಲ್ಲ. ಕೇಳುವವರು ನೆರೆಯವರಲ್ಲ, ನಿನ್ನೆ ಬಾಡಿಗೆಗೆ ಬಂದವರು. ಅವರು ಅದೇ ನೀರಿನಲ್ಲಿ ಕಾರು ತೊಳೆಯುತ್ತಿರುವುದು ಕಂಡಿತು. ಯಾವ ತಿರುವಿಗೆ ಯಾರ ಉತ್ತರ ಬದಲಾಯಿತು, ಯಾಕೆ ಎಂಬುದೇ ಚರ್ಚೆ.

ಇಂಥ ಚರ್ಚೆಯಲ್ಲಿ ನಮ್ಮ ಮಕ್ಕಳು ‘ಕೊಡಲೇಬೇಕು’ ಎಂದು ಬೇಗ ಹೇಳಿದರೆ ಅದನ್ನು ಬಾಯಿಪಾಠ ಎಂದು ತಳ್ಳಬೇಡಿ. ಜೋನ್ ಮಿಲ್ಲರ್ ಮತ್ತು ಜೊತೆಗಾರರು ಮೈಸೂರಿನವರನ್ನೂ ಅಮೆರಿಕದವರನ್ನೂ ಹೋಲಿಸಿ 1990ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರ ಸಣ್ಣ ಅಗತ್ಯಕ್ಕೆ ನೆರವಾಗುವುದನ್ನೂ ಮೈಸೂರಿನವರು ಕರ್ತವ್ಯವೆಂದೇ ನೋಡಿದರು. ಅಮೆರಿಕದವರು ಅದನ್ನು ಅವರವರ ಇಷ್ಟಕ್ಕೆ ಬಿಟ್ಟರು. ಕರ್ತವ್ಯ ಎಂಬ ಅಡಿಪಾಯ ನಮ್ಮಲ್ಲಿ ಗಟ್ಟಿಯಿದೆ. ಎಷ್ಟು, ಯಾವಾಗ, ಯಾರ ಖರ್ಚಿನಲ್ಲಿ ಎಂದು ತೂಗುವುದನ್ನು ಕಲಿಸಬೇಕಾಗಿದೆ.

ಯಾರೂ ಕಾಯದ ಪೆಟ್ಟಿಗೆ

ಕ್ಲಾಸಿನ ಮೂಲೆಯಲ್ಲಿ ಒಂದು ಸಣ್ಣ ಅಂಗಡಿ. 5 ರೂಪಾಯಿಯ 20 ಪೆನ್ಸಿಲು, 5 ರೂಪಾಯಿಯ 10 ರಬ್ಬರು, 10 ರೂಪಾಯಿಯ 5 ಪೆನ್ನು, ಒಟ್ಟು 200 ರೂಪಾಯಿ ಮಾಲು. ದುಡ್ಡು ಹಾಕಲು ಒಂದು ಡಬ್ಬ, ಮುಚ್ಚಳ ತೆರೆದೇ ಇರಲಿ. ಪಕ್ಕದಲ್ಲಿ ಒಂದು ಕಡದ ಪುಸ್ತಕ, ಅದಕ್ಕೆ ದಾರ ಕಟ್ಟಿದ ಪೆನ್ನು. ಕಾವಲಿಲ್ಲ. ಪ್ರತಿ ಶುಕ್ರವಾರ ಕೊನೆಯ ಪೀರಿಯಡ್‌ನಲ್ಲಿ ಇಬ್ಬರು ಮಕ್ಕಳು ಎಲ್ಲರೆದುರು ಎಣಿಸಿ ಬೋರ್ಡಿನಲ್ಲಿ ಬರೆಯುತ್ತಾರೆ: ಇದ್ದ ಮಾಲು, ಉಳಿದ ಮಾಲು, ಬರಬೇಕಾದ ದುಡ್ಡು, ಬಂದ ದುಡ್ಡು.

ಮೊದಲ ವಾರಗಳಲ್ಲಿ ದುಡ್ಡು ಕಡಿಮೆ ಬರಬಹುದು. ಹಾಗೆ ಆದ ದಿನ ಚೀಲ ಹುಡುಕಿಸಬೇಡಿ, ಹೆಸರು ಹೇಳಿಸಬೇಡಿ. ಕೊರತೆ ಎಲ್ಲವೂ ಕದ್ದದ್ದಲ್ಲ. ಹತ್ತರ ನೋಟಿಗೆ ಚಿಲ್ಲರೆ ಸಿಗದವರು, ನಾಳೆ ಹಾಕುತ್ತೇನೆ ಎಂದು ಮರೆತವರು ಇರುತ್ತಾರೆ. ಅದಕ್ಕೇ ಕಡದ ಪುಸ್ತಕ, ಅದಕ್ಕೇ ಡಬ್ಬದಲ್ಲಿ ಮೊದಲೇ ಹಾಕಿಟ್ಟ 20 ರೂಪಾಯಿ ಚಿಲ್ಲರೆ. ಎಣಿಸುವಾಗ ಈ 20 ಕಳೆಯಲು ಮರೆಯಬೇಡಿ. ಕೊರತೆಯ ಅಂಕಿ ಬೋರ್ಡಿನಲ್ಲಿರುವಾಗ ‘ಏನು ಮಾಡೋಣ?’ ಎಂದು ಕ್ಲಾಸಿಗೇ ಬಿಡಿ. ನಿಯಮ ಮಕ್ಕಳಿಂದ ಬರಲಿ, ಕೈಯೆತ್ತಿ ಒಪ್ಪಿದ್ದನ್ನು ಗೋಡೆಗೆ ಅಂಟಿಸಲಿ. ನೀವೂ ಒಂದು ಕೈ ಮಾತ್ರ ಎತ್ತುವುದು.

ಕೋಲ್‌ಬರ್ಗ್ ಕೊನೆಗೆ ತಲುಪಿದ್ದೂ ಇಲ್ಲಿಗೇ. 1974ರಲ್ಲಿ ಅಮೆರಿಕದ ಕೇಂಬ್ರಿಜ್ ಊರಿನಲ್ಲಿ, ವಿದ್ಯಾರ್ಥಿಗಳೂ ಅಧ್ಯಾಪಕರೂ ಒಂದೊಂದೇ ಮತ ಹಾಕಿ ನಿಯಮ ಮಾಡುವ ಒಂದು ಶಾಲೆ ಅವರ ಜೊತೆಗಾರಿಕೆಯಲ್ಲಿ ಶುರುವಾಯಿತು. ಒಬ್ಬಳ ಪರ್ಸಿನಿಂದ ಒಂಬತ್ತು ಡಾಲರ್ ಕಳವಾದಾಗ, ಎಲ್ಲರೂ 15 ಸೆಂಟ್‌ನಂತೆ ಹಾಕಿ ಅವಳಿಗೆ ತುಂಬಿಸಿಕೊಡುವುದು ಎಂದು ಅಲ್ಲಿನ ಸಭೆ ಒಪ್ಪಿತು. ಕಳವು ಅವಳೊಬ್ಬಳ ತೊಂದರೆಯಲ್ಲ, ಇಡೀ ಶಾಲೆಯದ್ದು ಎಂಬ ಮಾತು ಮಕ್ಕಳ ಬಾಯಿಂದಲೇ ಬಂದಿತ್ತು. ನಿಮ್ಮ ಮಕ್ಕಳು ಬೇರೆಯೇ ಪರಿಹಾರ ಕಂಡುಕೊಳ್ಳಬಹುದು. ಆದರೆ ದುಡ್ಡಿಲ್ಲದ ಮಗುವಿಗೆ ವಂತಿಗೆ ಹೊರೆಯಾಗದಂತೆ ನೋಡಿಕೊಳ್ಳುವುದು ನಿಮ್ಮ ಜವಾಬ್ದಾರಿ. ಇನ್ನು, ಮೂರು ವಾರ ಸರಿಯಾದ ಕೂಡಲೇ ‘ಪ್ರಾಮಾಣಿಕ ಕ್ಲಾಸು’ ಎಂದು ಅಸೆಂಬ್ಲಿಯಲ್ಲಿ ಪದಕ ಕೊಡಬೇಡಿ. ಆಮೇಲೆ ಲೆಕ್ಕ ಸರಿದೂಗಿಸಲು ಯಾರಾದರೂ ಕಿಸೆಯಿಂದ ಹಾಕಲು ಶುರುಮಾಡುತ್ತಾರೆ, ಅಂಕಿ ಸುಳ್ಳಾಗುತ್ತದೆ.

ಅವಸರ ಮತ್ತು ಅಭ್ಯಾಸ

ಒಳ್ಳೆಯದು ಗೊತ್ತಿದ್ದ ಮಾತ್ರಕ್ಕೆ ಮಾಡುತ್ತೇವೆ ಎಂದಿಲ್ಲ. 1973ರಲ್ಲಿ ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಪ್ರಿನ್ಸ್‌ಟನ್ನಿನ ಧರ್ಮಶಾಸ್ತ್ರ ವಿದ್ಯಾರ್ಥಿಗಳನ್ನು ಭಾಷಣಕ್ಕೆಂದು ಇನ್ನೊಂದು ಕಟ್ಟಡಕ್ಕೆ ಕಳಿಸಿದರು. ದಾರಿಯಲ್ಲಿ ಒಬ್ಬ ನರಳುತ್ತ ಕುಸಿದು ಕೂತಿದ್ದ. ಅವಸರ ಇಲ್ಲದವರಲ್ಲಿ ನೂರಕ್ಕೆ 63, ಸ್ವಲ್ಪ ಅವಸರದವರಲ್ಲಿ 45, ತುಂಬ ತಡವಾಯಿತು ಎಂದುಕೊಂಡವರಲ್ಲಿ 10 ಮಂದಿ ಮಾತ್ರ ನೆರವಾದರು. ದಾರಿಯಲ್ಲಿ ಬಿದ್ದವನಿಗೆ ನೆರವಾದವನ ಕಥೆಯ ಮೇಲೆ ಭಾಷಣ ಮಾಡಲು ಹೊರಟವರೂ ಅವರಲ್ಲಿದ್ದರು. ಹಾಗಾಗಿ ಮಗು ದಯವಂತ ಆಗಬೇಕಾದರೆ ಬೆಳಿಗ್ಗೆ ಹತ್ತು ನಿಮಿಷ ಮೊದಲು ಹೊರಡಿಸಿ. ಬಸ್ಸು ತಪ್ಪುವ ಭಯದಲ್ಲಿ ಓಡುವ ಮಗುವಿಗೆ ಬಿದ್ದ ಗೆಳತಿ ಕಾಣುವುದಿಲ್ಲ.

ಅಭ್ಯಾಸ ಕಟ್ಟುವಾಗ ಒಂದು ಸಲಕ್ಕೆ ಒಂದೇ ಕೆಲಸ, ಅದೂ ‘ಇಂಥದ್ದಾದಾಗ ಇಂಥದ್ದು ಮಾಡುತ್ತೇನೆ’ ಎಂಬ ವಾಕ್ಯದಲ್ಲಿ. ‘ಒಳ್ಳೆಯವಳಾಗಿರುತ್ತೇನೆ’ ಎಂಬುದಕ್ಕೆ ಹಿಡಿಯಿಲ್ಲ. ‘ಊಟದ ಗಂಟೆ ಹೊಡೆದಾಗ, ಒಬ್ಬಳೇ ಕೂತವರು ಕಂಡರೆ ಪಕ್ಕದಲ್ಲಿ ಕೂರುತ್ತೇನೆ’ ಎಂಬುದಕ್ಕೆ ಇದೆ. ಎಷ್ಟು ದಿನ ಬೇಕು? ಊಟ, ನೀರು, ವ್ಯಾಯಾಮದ ಅಭ್ಯಾಸಗಳ ಮೇಲೆ ಫಿಲಿಪ್ಪಾ ಲ್ಯಾಲಿ ಲಂಡನ್ನಿನಲ್ಲಿ ಮಾಡಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸರಾಸರಿ 66 ದಿನ. ಕೆಲವರಿಗೆ 18, ಕೆಲವರಿಗೆ 254ರವರೆಗೂ ಬೇಕಾದೀತು ಎಂಬ ಲೆಕ್ಕ ಬಂತು. ಒಂದು ದಿನ ತಪ್ಪಿದರೆ ಕೆಡಲಿಲ್ಲ. ಜೂನ್ ಒಂದಕ್ಕೆ ಶುರುಮಾಡಿದ್ದು ಓಣಂ ಪರೀಕ್ಷೆಯ ಹೊತ್ತಿಗೆ ಬೇರೂರಿದರೆ ಸಾಕು, ಆಮೇಲೆ ಎರಡನೆಯದು.

ದೊಡ್ಡವರ ನಾಲಗೆ

ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ ಪಟ್ಟಿಮಾಡಿದ, ತಪ್ಪಿನ ಹೊಣೆಯಿಂದ ನುಣುಚುವ ದಾರಿಗಳೆಲ್ಲ ನಮ್ಮ ಆಡುಮಾತಿನಲ್ಲೇ ಇವೆ. ‘ಎಲ್ಲರೂ ಮಾಡುವುದೇ ಅಲ್ವಾ’, ‘ಅಷ್ಟರಿಂದ ಯಾರಿಗೆ ಏನು ನಷ್ಟ’, ‘ಮೇಲಿನವರು ಹೇಳಿದರು, ನಾವು ಮಾಡಿದೆವು’, ‘ಅಂಥವರಿಗೆ ಅಷ್ಟೇ ಆಗಬೇಕು’. ಒಂದು ವಾರ ನೋಟ್‌ಪುಸ್ತಕದ ಹಿಂದಿನ ಪುಟದಲ್ಲಿ ನಿಮ್ಮ ಬಾಯಿಂದ ಇವು ಎಷ್ಟು ಸಲ ಬಂದವು ಎಂದು ಗೆರೆ ಎಳೆಯಿರಿ. ಫೋನಿಗೆ ‘ಅಪ್ಪ ಇಲ್ಲ ಎಂದು ಹೇಳು’ ಎಂದದ್ದೂ ಸೇರಲಿ. ಗೋಣಿಯ ಅಡಿಗೆ ಕರಿಗೋಟು ಹೋಗಿದ್ದರೆ ಮಗಳ ಎದುರೇ ಗೋಣಿ ಸುರಿದು ತೆಗೆಯಿರಿ. ‘ನಾನು ಹಾಕಿದ್ದು ತಪ್ಪಾಯಿತು, ಅಂಗಡಿಯವರು ನಮ್ಮನ್ನು ನಂಬಿ ತೂಗುತ್ತಾರೆ’ ಅನ್ನಿ. ಸಿಗುವ ಹಣದಲ್ಲಿ ಎಷ್ಟು ಕಡಿಮೆಯಾಯಿತು ಎಂಬುದನ್ನೂ ಮುಚ್ಚಿಡಬೇಡಿ. ಪ್ರಾಮಾಣಿಕತೆಗೆ ಬೆಲೆ ತೆರಬೇಕಾಗುತ್ತದೆ ಎಂಬುದು ಮಗುವಿಗೆ ಗೊತ್ತಿರಬೇಕಾದ ಸಂಗತಿ.

ಈ ಯಾವ ಕ್ರಮಕ್ಕೂ ಬಗ್ಗದ ಕೆಲವು ಸಂದರ್ಭಗಳಿವೆ. ಪ್ರಾಣಿಗಳನ್ನು ಮತ್ತೆ ಮತ್ತೆ ಹಿಂಸಿಸುವುದು, ಬೆಂಕಿ ಹಚ್ಚುವುದು, ಬೇರೆಯವರು ಅತ್ತರೂ ಮುಖದಲ್ಲಿ ಏನೂ ಕಾಣದಿರುವುದು, ಇದ್ದಕ್ಕಿದ್ದಂತೆ ಕದಿಯಲು, ಹೊಡೆಯಲು ಶುರುಮಾಡುವುದು ತಿಂಗಳುಗಟ್ಟಲೆ ಮುಂದುವರಿದರೆ ಶಾಲೆಯ ಕೌನ್ಸಿಲರ್ ಅಥವಾ ಮಕ್ಕಳ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋಗಿ. ಇದ್ದಕ್ಕಿದ್ದಂತೆ ಬದಲಾದ ಮಗುವಿಗೆ ಎಲ್ಲೋ ಯಾರೋ ನೋವು ಕೊಡುತ್ತಿರಬಹುದು. ಹಾಗನಿಸಿದರೆ 1098ಕ್ಕೆ ಕರೆ ಮಾಡಿ, ಅದು ಮಕ್ಕಳ ಸಹಾಯವಾಣಿ. ಹೋಗುವಾಗ ನೋಟ್‌ಪುಸ್ತಕವನ್ನೂ ತೆಗೆದುಕೊಂಡು ಹೋಗಿ. ದಿನಾಂಕ ಹಾಕಿ ಬರೆದ ಮಗುವಿನ ಸ್ವಂತ ಮಾತುಗಳು ಅಲ್ಲಿ ಕೂತವರಿಗೆ ನಿಮ್ಮ ಒಂದು ಗಂಟೆಯ ವಿವರಣೆಗಿಂತ ಹೆಚ್ಚು ಹೇಳುತ್ತವೆ.